ಕಾರಾಪುರದ ಹುಡುಗ, ಕ್ಯಾಲಿಫೋರ್ನಿಯಾದ ಕಾಳಿ

1938ರಲ್ಲಿ ‘ದಿ ಡ್ರಮ್’ ಎಂಬ ಬಣ್ಣದ ಚಿತ್ರ ಲಂಡನ್ನಿನಿಂದ ಮುಂಬಯಿಗೆ ಬಂತು. ತೆರೆಕಂಡ ಕೆಲವೇ ದಿನಗಳಲ್ಲಿ ಚಿತ್ರಮಂದಿರದ ಮುಂದೆ ಗಲಾಟೆ ಎದ್ದಿತು. ಮದರಾಸಿನಲ್ಲೂ ಅದೇ ಕಥೆ. ಕೊನೆಗೆ ಚಿತ್ರವನ್ನು ಎತ್ತಂಗಡಿ ಮಾಡಬೇಕಾಯಿತು. ಅಲೆಗ್ಸಾಂಡರ್ ಕೋರ್ಡಾ ಅವರ ಕಂಪನಿ ತೆಗೆದ ಆ ಸಾಹಸಗಾಥೆ ನಡೆಯುವುದು ವಾಯವ್ಯ ಗಡಿಯ ಒಂದು ಪುಟ್ಟ ಸಂಸ್ಥಾನದಲ್ಲಿ. ಬ್ರಿಟಿಷರನ್ನು ಓಡಿಸಬೇಕೆನ್ನುವ ಚಿಕ್ಕಪ್ಪ ಅಲ್ಲಿ ಅಣ್ಣನನ್ನೇ ಕೊಂದ ಪಾತಕಿ. ಬ್ರಿಟಿಷ್ ಅಧಿಕಾರಿಗಳ ಜೀವ ಕಾಯುವ ಬಾಲ ರಾಜಕುಮಾರ ಒಳ್ಳೆಯವನು. ದೇಶದ ತುಂಬ ಸ್ವಾತಂತ್ರ್ಯದ ಚಳವಳಿ ನಡೆಯುತ್ತಿದ್ದಾಗ ಇದನ್ನು ನೋಡಿದವರಿಗೆ ಚಿತ್ರ ಏನು ಹೇಳುತ್ತಿದೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ರಾಜಕುಮಾರನ ಪಾತ್ರ ಮಾಡಿದ ಹುಡುಗ ನಮ್ಮ ಎಚ್.ಡಿ. ಕೋಟೆ ಕಡೆಯವನು.

ಸಾಬು ಹುಟ್ಟಿದ್ದು 1924ರಲ್ಲಿ, ಕಬಿನಿ ತೀರದ ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಅಪ್ಪ ತೀರಿಕೊಂಡ ಮೇಲೆ ಹುಡುಗ ಅರಮನೆಯ ಆನೆಲಾಯದ ಆಶ್ರಯದಲ್ಲೇ ಬೆಳೆದ. ‘ನಾನೂಕ್ ಆಫ್ ದಿ ನಾರ್ತ್’ ತೆಗೆದು ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿ, ಕಿಪ್ಲಿಂಗ್‌ನ ಆನೆಯ ಕಥೆಯೊಂದನ್ನು ಚಿತ್ರ ಮಾಡಲೆಂದು 1935ರಲ್ಲಿ ಮೈಸೂರಿಗೆ ಬಂದರು. ಮೂಲ ಕಥೆ ನಡೆಯುವುದು ದೂರದ ಗಾರೋ ಬೆಟ್ಟಗಳಲ್ಲಿ. ಆದರೆ ಆನೆ, ಕಾಡಾನೆಗಳನ್ನು ಅಟ್ಟಿ ಹಿಡಿಯುವ ಖೆಡ್ಡಾ, ಪಳಗಿದ ಮಾವುತರು ಎಲ್ಲವೂ ಒಂದೇ ಕಡೆ ಸಿಗುತ್ತಿದ್ದದ್ದು ಮೈಸೂರು ಸಂಸ್ಥಾನದಲ್ಲಿ. ಅದಕ್ಕೊಂದು ಹಿನ್ನೆಲೆಯೂ ಇತ್ತು. ಕಥೆಯಲ್ಲಿ ಬರುವ ಆನೆ ಹಿಡಿಯುವ ಸಾಹೇಬನಿಗೆ ಮಾದರಿಯೆಂದು ಹೇಳಲಾಗುವ ಜಿ.ಪಿ. ಸ್ಯಾಂಡರ್ಸನ್, 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾವನ್ನು ಬಳಕೆಗೆ ತಂದ ಅಧಿಕಾರಿ. ಫ್ಲಾಹರ್ಟಿ ತಂಡಕ್ಕೆ ಉಳಿದುಕೊಳ್ಳಲು ಮಹಾರಾಜರು ಚಿತ್ತರಂಜನ್ ಮಹಲನ್ನೇ ಬಿಟ್ಟುಕೊಟ್ಟರು.

ಸಾಬುವನ್ನು ನಾಯಕನಾಗಿಸಿ ತೆಗೆದ ಆ ಚಿತ್ರ, ‘ಎಲಿಫೆಂಟ್ ಬಾಯ್’, 1937ರಲ್ಲಿ ಬಿಡುಗಡೆಯಾಗಿ ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಈಗ ನೋಡಿದರೆ ಅದರೊಳಗೆ ಎರಡು ಚಿತ್ರಗಳಿವೆ. ಮೈಸೂರಿನಲ್ಲಿ ಫ್ಲಾಹರ್ಟಿ ಹಿಡಿದದ್ದು ಒಂದು: ಹುಡುಗ ಆನೆಯ ಸೊಂಡಿಲು ಹಿಡಿದು ಹತ್ತುವ ರೀತಿ, ಅದನ್ನು ಹೊಳೆಗಿಳಿಸಿ ಉಜ್ಜುವ ಕೈ, ಅವನು ಕೂಗಿದರೆ ತಲೆಬಾಗುವ ಆ ದೊಡ್ಡ ಪ್ರಾಣಿ. ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ ಅಲೆಗ್ಸಾಂಡರ್ ಅವರ ತಮ್ಮ ಜೋಲ್ಟನ್ ಕೋರ್ಡಾ ತೆಗೆದು ಸೇರಿಸಿದ್ದು ಇನ್ನೊಂದು. ಅಲ್ಲಿ ಹುಡುಗನ ತಂದೆ ಮೈಗೆ ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟ. ಮಾಚುವಾ ಅಪ್ಪ ಎಂಬ ಹಿರಿಯ ಬೇಟೆಗಾರನೂ ಹಾಗೆಯೇ. ನಿಜವಾದ ಮಾವುತನ ಮಗನೊಬ್ಬ, ಬಣ್ಣದ ಮಾವುತನನ್ನು ಅಪ್ಪ ಎಂದು ನಂಬಿದಂತೆ ನಟಿಸುತ್ತಾನೆ. ಸಾಹಸ ಚಿತ್ರಗಳು ಒಂದು ಊರಿನಿಂದ ಏನನ್ನು ತೆಗೆದುಕೊಳ್ಳುತ್ತಿದ್ದವು, ಏನನ್ನು ಅಲ್ಲೇ ಬಿಟ್ಟುಹೋಗುತ್ತಿದ್ದವು ಎಂಬುದು ಆ ದೃಶ್ಯಗಳಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆನೆ ಬೇಕು, ಕಾಡು ಬೇಕು, ಹುಡುಗನ ನಗು ಬೇಕು. ದೊಡ್ಡವರ ಮಾತು ಬೇಡ.

ಮುಂದೆ ಸಾಬು ಹಾಲಿವುಡ್ಡಿಗೆ ಹೋದ. ಬಾಗ್ದಾದಿನ ಕಳ್ಳನಾದ, ಮೋಗ್ಲಿಯಾದ, ಅರೇಬಿಯನ್ ನೈಟ್ಸ್ ಲೋಕದವನಾದ, ‘ಕೋಬ್ರಾ ವುಮನ್’ ಚಿತ್ರದಲ್ಲಿ ದಕ್ಷಿಣ ಸಮುದ್ರದ ದ್ವೀಪವಾಸಿಯೂ ಆದ. ಕಾರಾಪುರದ ಮುಸ್ಲಿಂ ಹುಡುಗನೊಬ್ಬನ ಮೈಬಣ್ಣ ಅರ್ಧ ಭೂಗೋಳಕ್ಕೆ ಸಾಕಾಯಿತು. ಅಮೆರಿಕದ ಪ್ರಜೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿಯ ಗನ್ನರ್ ಆಗಿ ಹೋರಾಡಿ ಶೌರ್ಯ ಪದಕವನ್ನೂ ಗಳಿಸಿದ. ಹಿಂತಿರುಗಿದ ಮೇಲೂ ಸಿಕ್ಕಿದ್ದು ಹೆಚ್ಚಾಗಿ ಕಾಡಿನ ಪಾತ್ರಗಳೇ. 1963ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗಿನ್ನೂ 39.

ಹಳೆಯ ಸಾಹಸ ಚಿತ್ರಗಳ ಮಾತು ಬಂದಾಗಲೆಲ್ಲ ಒಂದು ಆಕ್ಷೇಪ ಕೇಳಿಬರುತ್ತದೆ: ಈಗಿನ ಪ್ರೇಕ್ಷಕರು ಸೂಕ್ಷ್ಮವಾಗಿಬಿಟ್ಟಿದ್ದಾರೆ, ಪೊಲಿಟಿಕಲ್ ಕರೆಕ್ಟ್‌ನೆಸ್ ಬಂದು ಮನರಂಜನೆಯನ್ನು ಕೆಡಿಸಿತು, ಆಗ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ ಎಂದು. ಇದು ಇತಿಹಾಸಕ್ಕೆ ವಿರುದ್ಧವಾದ ಮಾತು. ಅಪಚಾರ ಎಷ್ಟು ಹಳೆಯದೋ ಆಕ್ಷೇಪವೂ ಅಷ್ಟೇ ಹಳೆಯದು. ತಮ್ಮವರನ್ನು ಕಳ್ಳಕಾಕರಂತೆ ತೋರಿಸುವ ಅಮೆರಿಕನ್ ಕಂಪನಿಗಳ ಚಿತ್ರಗಳಿಗೆ ಮೆಕ್ಸಿಕೊ ಸರ್ಕಾರ 1922ರಲ್ಲೇ ಬಾಗಿಲು ಮುಚ್ಚಿತ್ತು. ಬೇರೆ ದೇಶಗಳ ಚರಿತ್ರೆಯನ್ನೂ ಜನರನ್ನೂ ನ್ಯಾಯವಾಗಿ ತೋರಿಸಬೇಕು ಎಂಬ ನಿಯಮ ಹಾಲಿವುಡ್ ತನಗೆ ತಾನೇ 1930ರಲ್ಲಿ ಬರೆದುಕೊಂಡ ಸಂಹಿತೆಯಲ್ಲೇ ಇತ್ತು.

ನಿಯಮವಿದ್ದೂ ‘ಗಂಗಾ ದಿನ್’ ಬಂತು. 1939ರ ಈ ಚಿತ್ರದ ಗಡಿನಾಡು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನ ಬಂಡೆಗಲ್ಲುಗಳು. ಕಾಳಿಯ ಗುಡಿಯನ್ನು ಕಟ್ಟಿದ್ದೂ ಅಲ್ಲೇ. ಮೂವರು ಬ್ರಿಟಿಷ್ ಸಾರ್ಜೆಂಟರು, ಅವರಿಗೆ ನೀರು ಹೊರುವ ಗಂಗಾ ದಿನ್, ಎದುರಿಗೆ ಥಗ್ಗರೆಂಬ ಕೊಲೆಗಡುಕ ಪಂಥದ ಗುರು. ನೀರು ಹೊರುವವನ ಪಾತ್ರ ಮಾಡಿದ್ದು ನ್ಯೂಯಾರ್ಕಿನ ಸ್ಯಾಮ್ ಜಾಫೆ, ಗುರುವಿನ ಪಾತ್ರ ಇಟಲಿ ಮೂಲದ ಎಡುವಾರ್ಡೊ ಚಿಯನೆಲಿ. ಈ ಗುರು ಒಂದು ದೃಶ್ಯದಲ್ಲಿ, ನೀವು ನಿಮ್ಮ ದೇಶಕ್ಕಾಗಿ ಸಾಯಲು ಸಿದ್ಧರಿದ್ದರೆ ನಾನೂ ನನ್ನ ಭಾರತಕ್ಕಾಗಿ ಸಾಯಬಲ್ಲೆ ಎಂಬರ್ಥದ ಮಾತಾಡಿ ಹಾವಿನ ಹೊಂಡಕ್ಕೆ ಹಾರುತ್ತಾನೆ. ಒಂದು ಗಳಿಗೆ ಚಿತ್ರದ ಅಸಲಿ ಭಯ ಹೊರಬೀಳುತ್ತದೆ: ಸ್ವತಂತ್ರವಾಗಬಯಸುವ ಭಾರತೀಯ. ಅವನಿಗೆ ರಕ್ತಪಿಪಾಸು ಪಂಥದ ವೇಷ ತೊಡಿಸಿದರೆ ಪ್ರೇಕ್ಷಕ ನಿಶ್ಚಿಂತೆಯಿಂದ ದ್ವೇಷಿಸಬಹುದು. ಗಂಗಾ ದಿನ್‌ಗೋ ಬಯಸಿದ ಸಮವಸ್ತ್ರ ಸಿಗುವುದು ಸತ್ತ ಮೇಲೆ.

ಮುಂಬಯಿಯ ‘ಫಿಲ್ಮ್ ಇಂಡಿಯಾ’ ಪತ್ರಿಕೆಯಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಈ ಚಿತ್ರವನ್ನು ಕಟುವಾಗಿ ಖಂಡಿಸಿದರು. ಪತ್ರಿಕೆಯ ಸಂಪಾದಕ ಬಾಬುರಾವ್ ಪಟೇಲ್ ಇಂಥ ಚಿತ್ರಗಳ ವಿರುದ್ಧ ಅಭಿಯಾನವನ್ನೇ ನಡೆಸಿದರು. ಬಂಗಾಳದಲ್ಲೂ ಮುಂಬಯಿಯಲ್ಲೂ ಚಿತ್ರಕ್ಕೆ ನಿಷೇಧ ಬಿತ್ತು. 1857ರ ಲಖನೌ ಮುತ್ತಿಗೆಯ ಬಗ್ಗೆ ಚಿತ್ರ ತೆಗೆಯುವ ಯೋಜನೆಗೆ ಅದಕ್ಕೂ ಮುನ್ನ, 1938ರಲ್ಲಿ, ಬ್ರಿಟನ್ನಿನ ಸೆನ್ಸಾರ್ ಮಂಡಳಿಯೇ ಅಡ್ಡಗಾಲು ಹಾಕಿತ್ತು. ವಸಾಹತುವಿನ ಪ್ರೇಕ್ಷಕನ ಕೋಪ ಲಂಡನ್ನಿಗೂ ಮುಟ್ಟಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಥಗ್ಗರು ಚಿತ್ರಗಳಿಗೆ ಬಂದ ದಾರಿಯಲ್ಲಿ ಕರ್ನಾಟಕದ ಇನ್ನೊಂದು ಊರು ಸಿಗುತ್ತದೆ. ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ 1839ರ ಕಾದಂಬರಿ ಇಂಗ್ಲೆಂಡಿನ ಓದುಗರನ್ನು ಮರುಳುಮಾಡಿ ಥಗ್ಗನನ್ನು ಮನೆಮಾತಾಗಿಸಿತು. ಬರೆದವರು ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್. ಮುಂದೆ ಸುಮಾರು ಒಂದು ದಶಕ ಸುರಪುರ ಸಂಸ್ಥಾನದ ಉಸ್ತುವಾರಿ ನೋಡಿಕೊಂಡವರೂ ಅವರೇ. ಗುಡ್ಡದ ಮೇಲಿನ ಅವರ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಯಾದಗಿರಿ ಜಿಲ್ಲೆಯವರಿಗೆ ಪರಿಚಿತ. ಎಳೆಯ ದೊರೆ ವೆಂಕಟಪ್ಪ ನಾಯಕ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಸುತ್ತಲಿನ ಶಿಲಾಸಮಾಧಿಗಳನ್ನು ಅಗೆದು ದಾಖಲಿಸಿದ, ಇಲ್ಲಿನ ಜನರ ನಡುವೆ ಬಾಳಿದ ಮನುಷ್ಯ ಅವರು. ಅವರ ಕಾದಂಬರಿಯ ಅಮೀರ್ ಅಲಿ ಕೊಲೆಗಾರನೇ, ಆದರೆ ಹೆಂಡತಿ ಮಕ್ಕಳಿರುವ, ಮಾತು ಬಲ್ಲ, ತನ್ನ ಕಥೆಯನ್ನು ತಾನೇ ಹೇಳುವ ಮನುಷ್ಯ. ಸರ್ಕಾರಿ ದಾಖಲೆಗಳಲ್ಲಿ ಕಾಣುವ ಥಗ್ಗರಾದರೂ ಯಾರು? ದಾರಿಹೋಕರ ಸ್ನೇಹ ಬೆಳೆಸಿ, ರುಮಾಲಿನಿಂದ ಕತ್ತು ಬಿಗಿದು ದೋಚುತ್ತಿದ್ದ ಹಿಂದೂ-ಮುಸ್ಲಿಂ ಬೆರಕೆಯ ತಂಡಗಳು. ಅವರನ್ನು ಹತ್ತಿಕ್ಕಲು ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ನಡೆಸಿದ ಮೊಕದ್ದಮೆಗಳು ಹೆಚ್ಚಾಗಿ ನಿಂತದ್ದು ಮಾಫಿ ಸಾಕ್ಷಿಗಳ ಹೇಳಿಕೆಯ ಮೇಲೆ. 1836ರ ಕಾಯ್ದೆಯ ಪ್ರಕಾರ ಥಗ್ಗರ ಗುಂಪಿಗೆ ಸೇರಿದವನೆಂದು ಸಾಬೀತಾದರೂ ಸಾಕಿತ್ತು, ಜೀವಾವಧಿ ಶಿಕ್ಷೆ. ಹಾಗಾಗಿ ಆ ಪಂಥದ ಕಥೆಯಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಸಿನಿಮಾಕ್ಕೆ ಆ ಗೊಡವೆ ಬೇಕಿರಲಿಲ್ಲ. ಅದು ಅಮೀರ್ ಅಲಿಯ ನಾಲಿಗೆ ಕಿತ್ತು, ಕಾಳಿಯ ವಿಗ್ರಹವೊಂದನ್ನಷ್ಟೇ ಉಳಿಸಿಕೊಂಡಿತು.

ಆ ವಿಗ್ರಹ ಮತ್ತೆ ಎದ್ದದ್ದು 1984ರ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ನಲ್ಲಿ. ಭಾರತ ಸರ್ಕಾರ ಚಿತ್ರಕಥೆ ನೋಡಿ ತಿದ್ದುಪಡಿ ಕೇಳಿತು. ಅನುಮತಿ ಕೈಗೂಡದೆ ಸ್ಪೀಲ್‌ಬರ್ಗ್ ತಂಡ ಶ್ರೀಲಂಕಾದ ಕ್ಯಾಂಡಿಗೆ ಹೋಯಿತು. ಹೀಗಾಗಿ ಚಿತ್ರದ ‘ಭಾರತೀಯ’ ಹಳ್ಳಿಗರು ಆಡುವುದು ಸಿಂಹಳ. ಅರಮನೆಯ ಊಟದ ದೃಶ್ಯವನ್ನಂತೂ ನೋಡಿದವರು ಮರೆಯುವುದಿಲ್ಲ: ಹೊಟ್ಟೆ ಸೀಳಿದರೆ ಜೀವಂತ ಮರಿಗಳು ಹೊರಬರುವ ಹಾವು, ಜೀರುಂಡೆಗಳು, ಕಣ್ಣುಗುಡ್ಡೆ ತೇಲುವ ಸಾರು, ಕೊನೆಗೆ ತಣ್ಣಗಿನ ಕೋತಿ ಮೆದುಳು. ಉಪ್ಪಿಟ್ಟು, ಅನ್ನ-ಸಾರಿನ ಬುತ್ತಿಯನ್ನು ಪರದೇಶದ ಶಾಲೆಯಲ್ಲಿ ಬಿಚ್ಚುವ ಮಗುವಿಗೆ ಇಂಥ ದೃಶ್ಯದ ಬೆಲೆ ಏನೆಂದು ಊಹಿಸುವುದು ಕಷ್ಟವಲ್ಲ. ಭಾರತದಲ್ಲಿ ಚಿತ್ರಕ್ಕೆ ಕೆಲಕಾಲ ನಿಷೇಧವಿತ್ತು.

ಹೃದಯ ಕೀಳುವ ಪೂಜಾರಿ ಮೋಲಾ ರಾಮ್ ಆಗಿ ತಲೆ ಬೋಳಿಸಿಕೊಂಡು ನಿಂತವರು ಅಮರೀಶ್ ಪುರಿ. ಗಿರೀಶ್ ಕಾರ್ನಾಡರ ‘ಕಾಡು’ (1973) ನೋಡಿದ ಕನ್ನಡಿಗರಿಗೆ ಅವರು ಚಂದ್ರೇಗೌಡ. ಅಲ್ಲಿ ಅವರ ಒಂದು ಮೌನದಲ್ಲಿ ಇಡೀ ಊರಿನ ಹಗೆಯಿತ್ತು. ಅಷ್ಟು ದೊಡ್ಡ ನಟನಿಂದ ಹಾಲಿವುಡ್ ಕೇಳಿದ್ದು ಕಣ್ಣರಳಿಸುವುದನ್ನು ಮತ್ತು ಕಿರುಚುವುದನ್ನು. ಅದನ್ನೂ ಅವರು ಪೂರ್ತಿ ಶಕ್ತಿಯಿಂದ ಮಾಡಿದರು, ಚಿತ್ರವನ್ನು ಸಮರ್ಥಿಸಿಕೊಂಡರು ಕೂಡ. ಒಬ್ಬ ಕಲಾವಿದ ಸಿಕ್ಕ ಅವಕಾಶವನ್ನು ಬಿಡಲಿಲ್ಲವೆಂದು ದೂರುವುದು ಅನ್ಯಾಯ. ಅವನಿಗೆ ಇಷ್ಟೇ ಅವಕಾಶವನ್ನು ಕೊಟ್ಟವರದು ತಪ್ಪು.

ಅದೇ 1984ರಲ್ಲಿ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ತೆರೆಗೆ ಬಂತು. ಬೆಂಗಳೂರು ಅರಮನೆ, ಸಾವನದುರ್ಗ, ರಾಮದೇವರ ಬೆಟ್ಟದಲ್ಲಿ ಚಿತ್ರೀಕರಣ ನಡೆದಿತ್ತು. ಸಾಹಸ ಚಿತ್ರವಲ್ಲದಿದ್ದರೂ, ಸಾಮ್ರಾಜ್ಯವನ್ನು ಪ್ರಶ್ನಿಸುವ ಆ ಚಿತ್ರದಲ್ಲೂ ಪ್ರೊಫೆಸರ್ ಗೋಡಬೋಲೆ ಆದವರು ಕಂದು ಬಣ್ಣ ಬಳಿದುಕೊಂಡ ಅಲೆಕ್ ಗಿನ್ನೆಸ್. ಡೆನಮ್ ಸ್ಟುಡಿಯೋದ ಬಣ್ಣದ ಡಬ್ಬಿ ಸುಮಾರು ಐವತ್ತು ವರ್ಷ ಕಳೆದರೂ ಖಾಲಿಯಾಗಿರಲಿಲ್ಲ.

ನಾವೂ ಇದರಿಂದ ಹೊರತಲ್ಲ. ಸೊಪ್ಪುಸದೆ ಉಟ್ಟು ಅರ್ಥವಿಲ್ಲದ ಶಬ್ದ ಕೂಗುತ್ತ ನಾಯಕನ ಸುತ್ತ ಕುಣಿಯುವ ಆದಿವಾಸಿಗಳನ್ನು ಭಾರತೀಯ ಚಿತ್ರಗಳು ದಶಕಗಟ್ಟಲೆ ತೋರಿಸಿವೆ. ಮೈಸೂರಿನ ಆನೆ ಶಿಬಿರಗಳಲ್ಲಿ ಅಂಕುಶ ಹಿಡಿಯುವ ಮಾವುತರಲ್ಲಿ, ಕಾವಾಡಿಗಳಲ್ಲಿ ಆದಿವಾಸಿಗಳಾದ ಜೇನುಕುರುಬರು ಎಷ್ಟೋ ಜನ. ಅವರಿಗೂ ತಮ್ಮದೇ ನುಡಿಯಿದೆ.

ಹಾಗಾದರೆ ಹಳೆಯ ಚಿತ್ರಗಳನ್ನು ಏನು ಮಾಡಬೇಕು? ಡಿಸ್ನಿ ಸಂಸ್ಥೆ 2020ರಲ್ಲಿ ‘ಸ್ವಿಸ್ ಫ್ಯಾಮಿಲಿ ರಾಬಿನ್ಸನ್’ ಸೇರಿದಂತೆ ಕೆಲವು ಚಿತ್ರಗಳ ಮೊದಲಿಗೆ, ಇದರಲ್ಲಿ ಕೆಲವು ಜನರನ್ನು ತಪ್ಪಾಗಿ ತೋರಿಸಲಾಗಿದೆ ಎಂಬ ಸೂಚನೆ ಹಾಕಿತು. ಕತ್ತರಿಸುವುದಕ್ಕಿಂತ ಇದು ವಾಸಿ. ‘ಎಲಿಫೆಂಟ್ ಬಾಯ್’ ಅನ್ನು ಮೂಲೆಗೆಸೆದರೆ ಡೆನಮ್ಮಿನ ಬಣ್ಣದ ಜೊತೆಗೆ ಫ್ಲಾಹರ್ಟಿ ಹಿಡಿದಿಟ್ಟ ಮೈಸೂರಿನ ಆನೆಗಳೂ ಹೋಗುತ್ತವೆ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಕಾಡಿನ ಒಂದು ಭಾಗ ಈಗ ಕಬಿನಿ ಜಲಾಶಯದ ತಳದಲ್ಲಿದೆ. ಆದರೆ ಯಾರನ್ನೂ ಹೆಸರಿಸದ ಎರಡು ಸಾಲಿನ ಸೂಚನೆ ಸಾಲದು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ‘ಗಂಗಾ ದಿನ್’ 1999ರಲ್ಲಿ ಸೇರಿತು. ಸೇರಲಿ. ಅದನ್ನು ತೋರಿಸುವವರು ಮುಂಬಯಿಯ ನಿಷೇಧವನ್ನೂ ಅಬ್ಬಾಸರ ವಿಮರ್ಶೆಯನ್ನೂ ಚಿತ್ರದ ಜೊತೆಗೇ ಪ್ರೇಕ್ಷಕರ ಮುಂದಿಡಬೇಕು. ಅವೂ ಆ ಚಿತ್ರದ ಚರಿತ್ರೆಗೆ ಸೇರಿದವು.