ಕಡಲಿಗೆ ಹೋದ ಬಲೆ ನದಿಗೆ ಯಾಕೆ ವಾಪಸ್ ಬಂತು?

ಇವತ್ತಿನ ಕಥೆ ಶುರುವಾಗೋದು 2018ರ ಸೆಪ್ಟೆಂಬರ್ 8ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಗೋಲ್ಡನ್ ಗೇಟ್ ಸೇತುವೆಯ ಕೆಳಗಿಂದ ಒಂದು ಹಡಗು ಸುಮಾರು 600 ಮೀಟರ್ ಉದ್ದದ ಕಪ್ಪು ಕೊಳವೆಯನ್ನು ಎಳೆದುಕೊಂಡು ಪೆಸಿಫಿಕ್ ಸಾಗರದ ಕಡೆ ಹೊರಟಿತು. ಪ್ಲಾಸ್ಟಿಕ್ ಹಿಡಿಯೋ ಕೊಳವೆ ಅದು. ಅದಕ್ಕೆ ಪ್ರೀತಿಯಿಂದ ಇಟ್ಟ ಹೆಸರು ವಿಲ್ಸನ್.

ಆಗ ನಾನು ಬಿ.ಕಾಂ ಓದ್ತಿದ್ದೆ. ಆ ವಿಡಿಯೋವನ್ನ ಇದ್ದಬದ್ದ ಗ್ರೂಪಿಗೆಲ್ಲ ಕಳಿಸಿದ್ದೆ. 'ಸಮುದ್ರ ಕ್ಲೀನ್ ಆಯ್ತು ಬಿಡ್ರೋ' ಅಂತ ಬೇರೆ ಬರೆದಿದ್ದೆ. ನಾಲ್ಕು ತಿಂಗಳು ಕಳೆಯೋ ಮುಂಚೆಯೇ ವಿಲ್ಸನ್ ಮುರೀತು. ಆ ಸುದ್ದಿಯನ್ನ ಮಾತ್ರ ನಾನು ಯಾರಿಗೂ ಫಾರ್ವರ್ಡ್ ಮಾಡಲಿಲ್ಲ. ಇವತ್ತು ಆ ಬಾಕಿ ತೀರಿಸೋಣ.

ಈ ಕಥೆಯ ಹುಡುಗ ಬೋಯಾನ್ ಸ್ಲಾಟ್. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನವನು, ಹುಟ್ಟಿದ್ದು 1994ರಲ್ಲಿ. 16ನೇ ವಯಸ್ಸಲ್ಲಿ ಗ್ರೀಸ್‌ನ ಕಡಲಲ್ಲಿ ಮುಳುಗು ಹಾಕಿದಾಗ ಅವನಿಗೆ ಮೀನಿಗಿಂತ ಪ್ಲಾಸ್ಟಿಕ್ ಚೀಲವೇ ಜಾಸ್ತಿ ಕಂಡವು. 2012ರಲ್ಲಿ ತನ್ನೂರಿನ ಟೆಡ್‌ಎಕ್ಸ್ ವೇದಿಕೆ ಹತ್ತಿ ಒಂದು ಉಪಾಯ ಹೇಳಿದ. ಮರುವರ್ಷ ಏರೋಸ್ಪೇಸ್ ಎಂಜಿನಿಯರಿಂಗ್ ಓದು ಬಿಟ್ಟು 'ದಿ ಓಷನ್ ಕ್ಲೀನಪ್' ಅನ್ನೋ ಲಾಭರಹಿತ ಸಂಸ್ಥೆ ಕಟ್ಟಿದ. ಆಗ ಅವನಿಗೆ 18. 2014ರಲ್ಲಿ ಆನ್‌ಲೈನಲ್ಲಿ ಚಂದಾ ಕೇಳಿದಾಗ ಸುಮಾರು 38 ಸಾವಿರ ಜನ ಸೇರಿ 20 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟರು.

ಅಷ್ಟು ಜನರನ್ನ ಒಪ್ಪಿಸಿದ ಆ ಉಪಾಯ ಏನು? ಸಾಗರದಲ್ಲಿ ಪ್ರವಾಹಗಳು ದೊಡ್ಡ ಚಕ್ರದ ಹಾಗೆ ಸುತ್ತುತ್ತವೆ, ತೇಲೋ ವಸ್ತುಗಳೆಲ್ಲ ಆ ಸುಳಿಯೊಳಗೆ ಬಂದು ಸೇರ್ತವೆ. ಹವಾಯಿ ಮತ್ತು ಕ್ಯಾಲಿಫೋರ್ನಿಯಾ ನಡುವೆ ಇಂಥದ್ದೊಂದು ಕಸದ ರಾಶಿ ಇದೆ ಅಂತ 1997ರಲ್ಲಿ ಚಾರ್ಲ್ಸ್ ಮೂರ್ ಎಂಬ ನಾವಿಕ ಕಂಡು, ಜಗತ್ತಿನ ಗಮನಕ್ಕೆ ತಂದಿದ್ದರು. ಅದು ನಡೆದಾಡಬಹುದಾದ ದ್ವೀಪ ಅಲ್ಲ, ಚೂರು ಚೂರಾಗಿ ಚದುರಿದ ಕಸ. ಸ್ಲಾಟ್ ಹೇಳಿದ್ದು ಇಷ್ಟೇ: ಕಸದ ಹಿಂದೆ ನಾವು ಯಾಕೆ ಓಡಬೇಕು? ಒಂದು ತಡೆಗೋಡೆ ಇಟ್ಟರೆ ಪ್ರವಾಹವೇ ಕಸವನ್ನ ತಂದು ಹಾಕುತ್ತೆ.

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಸಾಗರ ವಿಜ್ಞಾನಿಗಳು ಆಗಲೇ ತಕರಾರು ಎತ್ತಿದ್ದರು. ಅಲೆಗಳ ಹೊಡೆತಕ್ಕೆ ಇದು ತಡೆಯುತ್ತಾ? ನೀರಿನ ಮೇಲ್ಮೈಯಲ್ಲೇ ಬದುಕೋ ಸಣ್ಣ ಜೀವಿಗಳ ಗತಿ ಏನು? ಅದೇ ದುಡ್ಡನ್ನ ದಡದ ಹತ್ತಿರ ಖರ್ಚು ಮಾಡಬಾರದಾ?

ವಿಲ್ಸನ್ ವಿಷಯದಲ್ಲಿ ಆಗಿದ್ದೇನು ಅಂದ್ರೆ, ಒಳಗೆ ಬಂದ ಪ್ಲಾಸ್ಟಿಕ್ ಒಳಗೆ ನಿಲ್ಲಲೇ ಇಲ್ಲ. ಕೊಳವೆ ಮತ್ತು ಕಸ ಎರಡೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ತೇಲುತ್ತಿದ್ದವು. ಡಿಸೆಂಬರ್ ಕೊನೆಗೆ 18 ಮೀಟರ್ ಉದ್ದದ ತುದಿ ಕಳಚಿಕೊಂಡಿತು. ಕೊಳವೆಯನ್ನ ಹವಾಯಿಗೆ ಎಳೆದು ತಂದರು. 2019ರಲ್ಲಿ ಪ್ಯಾರಾಚೂಟ್ ಥರದ ಲಂಗರು ಕಟ್ಟಿ ವೇಗ ತಗ್ಗಿಸಿದಾಗ ಪ್ಲಾಸ್ಟಿಕ್ ಸಿಕ್ಕಿತು. 2021ರ ಹೊಸ ವ್ಯವಸ್ಥೆಯಲ್ಲಿ ಎರಡು ಹಡಗುಗಳು ಸೇರಿ ಬಲೆ ಎಳೆಯತೊಡಗಿದವು. ಅಂದರೆ 'ಓಡೋದು ಬೇಡ' ಅಂತ ಶುರುವಾದ ಯೋಜನೆ ಕೊನೆಗೆ ಇಂಧನ ಸುಟ್ಟು ಕಸದ ಹಿಂದೆ ಓಡೋ ಹಾಗಾಯ್ತು. ಪ್ಲಾಸ್ಟಿಕ್ ಮಾತ್ರ ಈ ಸಲ ನಿಜವಾಗಲೂ ಬಂತು.

ಈ ಕಥೆಯ ನಿಜವಾದ ತಿರುವು ಇರೋದು ನದಿಯಲ್ಲಿ. 2019ರ ಅಕ್ಟೋಬರ್‌ನಲ್ಲಿ ಸಂಸ್ಥೆ ರಾಟರ್‌ಡ್ಯಾಮ್‌ನಲ್ಲಿ 'ಇಂಟರ್‌ಸೆಪ್ಟರ್' ಅನ್ನೋ ದೋಣಿ ತೋರಿಸಿತು. ಸೋಲಾರ್‌ನಲ್ಲಿ ನಡೆಯೋ ಯಂತ್ರ. ನದಿಯ ಕಸ ತೇಲುಗೋಡೆಗೆ ತಾಗಿ ಕನ್ವೇಯರ್ ಬೆಲ್ಟ್ ಹತ್ತುತ್ತೆ, ತೊಟ್ಟಿಗೆ ಬೀಳುತ್ತೆ. ಅಷ್ಟೊತ್ತಿಗೆ ಇಂಡೋನೇಷ್ಯಾದ ಜಕಾರ್ತಾ ಮತ್ತು ಮಲೇಷ್ಯಾದ ಕ್ಲಾಂಗ್ ನದಿಯಲ್ಲಿ ಅದು ಕೆಲಸ ಶುರು ಮಾಡಿತ್ತು. ಇದೇ ಮೊದಲು ಅಂತ ಅಂದ್ಕೋಬೇಡಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 2014ರಿಂದಲೇ ಒಂದು ನೀರಿನ ಚಕ್ರ ನದೀಮುಖದಲ್ಲಿ ಕೂತು ಕಸ ಎತ್ತುತ್ತಿತ್ತು.

ನದಿಯೂ ಸುಲಭಕ್ಕೆ ಬಗ್ಗಲಿಲ್ಲ. ಗ್ವಾಟೆಮಾಲಾದ ಲಾಸ್ ವಾಕಾಸ್ ನದಿಗೆ ಮಳೆ ಬಂದರೆ ಸಾಕು, ರಾಜಧಾನಿಯ ಕಸವೆಲ್ಲ ಪ್ರವಾಹದ ಹಾಗೆ ನುಗ್ಗುತ್ತೆ. 2022ರಲ್ಲಿ ಅಲ್ಲಿ ಹಾಕಿದ ಬೇಲಿ ಆ ರಭಸಕ್ಕೆ ನಿಲ್ಲಲಿಲ್ಲ. 2023ರಲ್ಲಿ ತೇಲುವ ತಡೆಗಳನ್ನ ಹಾಕಿ ಮತ್ತೆ ಪ್ರಯತ್ನಿಸಿದರು. ಅದು ನಿಂತಿತು.

ಈಗ ಕಾಮರ್ಸ್ ಓದಿದವನ ಲೆಕ್ಕ ಕೇಳಿ. ಪೆಸಿಫಿಕ್‌ನ ಆ ರಾಶಿಯಲ್ಲಿ ಸುಮಾರು 79 ಸಾವಿರ ಟನ್ ಪ್ಲಾಸ್ಟಿಕ್ ಇದೆ ಅಂತ 2018ರಲ್ಲಿ ಇದೇ ಸಂಸ್ಥೆಯ ವಿಜ್ಞಾನಿಗಳು ಅಂದಾಜಿಸಿದರು. ಇದು ಓಪನಿಂಗ್ ಸ್ಟಾಕ್ ಅಂತ ಇಟ್ಕೊಳ್ಳಿ. ನದಿಗಳಿಂದ ಸಾಗರಗಳಿಗೆ ಪ್ರತಿ ವರ್ಷ 8 ಲಕ್ಷದಿಂದ 27 ಲಕ್ಷ ಟನ್ ಸೇರುತ್ತೆ ಅಂತ 2021ರ ಅಧ್ಯಯನ ಹೇಳಿತು. ಅಂದರೆ ಆ ಇಡೀ ರಾಶಿಯನ್ನ ಇವತ್ತೇ ಖಾಲಿ ಮಾಡಿದರೂ, ಒಂದೇ ವರ್ಷದಲ್ಲಿ ಅದರ ಹತ್ತು ಪಟ್ಟು ನದಿಗಳಿಂದ ಕಡಲಿಗೆ ಬರುತ್ತೆ. 2024ರಲ್ಲಿ ಸಂಸ್ಥೆ 1 ಕೋಟಿ ಕೆಜಿ, ಅಂದರೆ 10 ಸಾವಿರ ಟನ್ ತೆಗೆದೆವು ಅಂತ ಸಂಭ್ರಮಿಸಿತು. ಹತ್ತು ವರ್ಷಕ್ಕೂ ಮೀರಿದ ದುಡಿಮೆ ಅದು. ಕನಿಷ್ಠ ಅಂದಾಜು ಹಿಡಿದರೂ, ನದಿಗಳು ಐದು ದಿನದಲ್ಲಿ ತಂದು ಹಾಕೋದು ಅದಕ್ಕಿಂತ ಜಾಸ್ತಿ.

ಹಾಗಂತ ಸಮುದ್ರದ ಕೆಲಸ ದಂಡ ಅಂತ ನಾನು ಹೇಳಲ್ಲ. ಆ ರಾಶಿಯ ತೂಕದಲ್ಲಿ ಶೇ. 46ರಷ್ಟು ಮೀನುಗಾರಿಕೆಯ ಬಲೆಗಳೇ. ನದಿಯಲ್ಲಿ ತಡೆ ಹಾಕಿದರೆ ಅವು ಸಿಗಲ್ಲ, ಅಲ್ಲಿಗೇ ಹೋಗಿ ಎತ್ತಬೇಕು. ಆದರೆ ನಲ್ಲಿ ಬಿಟ್ಟುಕೊಂಡು ನೆಲ ಒರೆಸಿದರೆ ಎಷ್ಟು ದಿನ ಒರೆಸ್ತೀರಿ? ಸ್ಲಾಟ್ ತಂಡ ಸೋತು, ದುಡ್ಡು ಕಳ್ಕೊಂಡು, ಜಗತ್ತಿನೆದುರು ನಗೆಪಾಟಲಾಗಿ ಕಲಿತ ಪಾಠ ಇದು. ಸೋಲನ್ನ ಮುಚ್ಚಿಡದೆ ಹೇಳಿಕೊಂಡರಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ.

2021ರ ಅದೇ ಅಧ್ಯಯನ ಇನ್ನೊಂದು ಮಾತು ಹೇಳಿತು. ಕಸ ತರೋದು ದೊಡ್ಡ ನದಿಗಳು ಮಾತ್ರ ಅಲ್ಲ, ಊರ ನಡುವೆ ಹರಿಯೋ ಸಣ್ಣ ನದಿಗಳೂ ಹೌದು. ಅದನ್ನ ಓದಿದಾಗ ನನಗೆ ನೆನಪಾಗಿದ್ದು ಬೆಂಗಳೂರಿನ ವೃಷಭಾವತಿ. ಅದು ಅರ್ಕಾವತಿಗೆ ಸೇರುತ್ತೆ, ಅರ್ಕಾವತಿ ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ. 2018ರಲ್ಲಿ ನಾನು ಪೆಸಿಫಿಕ್ ವಿಡಿಯೋ ಫಾರ್ವರ್ಡ್ ಮಾಡ್ತಾ ಕೂತಿದ್ದಾಗ ಮನೆ ಹಿಂದಿನ ಮೋರಿ ಎಲ್ಲಿಗೆ ಹೋಗುತ್ತೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ನೀವು ಕೇಳಿ ನೋಡಿ. ನಿಮ್ಮ ಬೀದಿಯ ಮೋರಿ ಯಾವ ಹಳ್ಳಕ್ಕೆ, ಆ ಹಳ್ಳ ಯಾವ ನದಿಗೆ ಸೇರುತ್ತೆ? ಗೊತ್ತಾದರೆ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಸಿಗೋಣ.