1958: ಸವಣೂರಿನ ಮಗ, ಬಳ್ಳಾರಿಯ ವೇದಿಕೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಮುಂಬಯಿ ಪ್ರಾಂತ ಬಿಟ್ಟು ಕನ್ನಡ ರಾಜ್ಯ ಸೇರಿ ಎರಡು ವರ್ಷವಾಗಿತ್ತಷ್ಟೇ.

ಆ ವರ್ಷ 40ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಬಳ್ಳಾರಿಯಲ್ಲಿ ನಡೆಯಿತು. ಅಧ್ಯಕ್ಷರು ವಿನಾಯಕ ಕೃಷ್ಣ ಗೋಕಾಕ. ಹುಟ್ಟಿದ್ದು 1909ರಲ್ಲಿ, ಇದೇ ಸೀಮೆಯ, ನವಾಬರ ಸವಣೂರಿನಲ್ಲಿ. ಹಿಂದಿನ ವರ್ಷ ಧಾರವಾಡದಲ್ಲಿ ಕುವೆಂಪು ಕೂತಿದ್ದ ಪೀಠವದು. ಹಾವೇರಿ ಕಡೆಯಿಂದ ಬಳ್ಳಾರಿಗೆ ರೈಲಿನಲ್ಲಿ ಹೋಗುವವರು ಮೊದಲು ಹುಬ್ಬಳ್ಳಿಗೆ ಹೋಗಿ, ಗದಗ, ಹೊಸಪೇಟೆ ಹಾದು, ಮೀಟರ್ ಗೇಜ್ ಗಾಡಿಯಲ್ಲಿ ಸಾಗಬೇಕಿತ್ತು. ಸುತ್ತುದಾರಿಯೇ ಸರಿ! ಗೋಕಾಕರ 'ದ್ಯಾವಾಪೃಥಿವೀ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1960ರಲ್ಲಿ. 1958ರ ಪ್ರಶಸ್ತಿ ಅವರ ಹಿರಿಯ ಗೆಳೆಯ ಬೇಂದ್ರೆಯವರ 'ಅರಳು ಮರಳು' ಕೃತಿಗೆ ಸಂದಿತು. ಐದು ಕವನ ಸಂಕಲನಗಳನ್ನು ಒಟ್ಟಿಗೆ ಕಟ್ಟಿದ ಪುಸ್ತಕ ಅದು.

ಹಾವೇರಿ ಸೀಮೆಯ ಉಳಿದ ಬರಹಗಾರರು ಆಗ? ರಾಣೆಬೆನ್ನೂರಿನಲ್ಲಿ ಹುಟ್ಟಿದ ಸು. ರಂ. ಎಕ್ಕುಂಡಿ ದೂರದ ಬಂಕಿಕೊಡ್ಲದಲ್ಲಿ ಶಾಲಾ ಮಾಸ್ತರರು. ಅವರ ಕಥನ ಕವನಗಳ ಬೆಲೆ ನಾಡಿಗೆ ತಿಳಿದದ್ದು ತಡವಾಗಿ, 'ಬಕುಲದ ಹೂವುಗಳು' ಸಂಕಲನಕ್ಕೆ 1992ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಾಗ. ಕುರಬಗೊಂಡದ ಪಾಟೀಲ ಪುಟ್ಟಪ್ಪ ಹುಬ್ಬಳ್ಳಿಯಿಂದ 'ಪ್ರಪಂಚ' ವಾರಪತ್ರಿಕೆ ಹೊರಡಿಸುತ್ತಿದ್ದರು. ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ, ಮುಂದೆ 'ಚಂಪಾ', ಆಗಿನ್ನೂ ಹತ್ತೊಂಬತ್ತರ ಹುಡುಗ. ಅವರ ಮೊದಲ ಸಂಕಲನ 'ಬಾನುಲಿ' 1960ರದು.

ಹೊರಗಿನ ಜಗತ್ತಿನಲ್ಲಿ, ಅದೇ 1958ರಲ್ಲಿ, ರಷ್ಯದ ಬೋರಿಸ್ ಪಾಸ್ತರ್ನಾಕ್ ತಮಗೆ ಬಂದ ನೊಬೆಲ್ ಬಹುಮಾನವನ್ನು ಸರ್ಕಾರದ ಒತ್ತಡಕ್ಕೆ ಮಣಿದು ನಿರಾಕರಿಸಬೇಕಾಯಿತು. ನೈಜೀರಿಯದ ಚಿನುವಾ ಅಚೆಬೆಯ ಮೊದಲ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಯಿತು.