ಬೀಸುಕಲ್ಲನ್ನೂ ಲೆಕ್ಕ ಇಟ್ಟ ಲಾವಣಿ

ಹಲಗಲಿ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಊರು. ಇಲ್ಲಿಯ ಬೇಡರ ಲಾವಣಿಯನ್ನು ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ನಿಮ್ಮಲ್ಲಿ ಹಲವರು ಓದಿರಬಹುದು. ಪರೀಕ್ಷೆ ಮುಗಿದ ಮೇಲೆ ಇನ್ನೊಮ್ಮೆ ಓದಬೇಕಾದ ಹಾಡು ಅದು.

1857ರಲ್ಲಿ ಬ್ರಿಟಿಷರು ಹತಾರ ಕಾಯ್ದೆ ತಂದರು. ಅಪ್ಪಣೆ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ, ಇದ್ದದ್ದನ್ನು ತಂದು ಒಪ್ಪಿಸಬೇಕು. ಬೇಟೆ ಆಡಿ ಬದುಕುವ ಬೇಡರಿಗೆ ಹತಾರವೇ ಅನ್ನ, ಹತಾರವೇ ಮಾನ. ಜಡಗ, ಬಾಲ, ಹನುಮ, ರಾಮ ಮುಂದಾಗಿ ನಿಂತರು. ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ದಂಡು ಬಂತು. ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು.

ಇಷ್ಟು ಸಂಗತಿ ಇತಿಹಾಸದ ಪುಸ್ತಕದಲ್ಲೂ ಸಿಗುತ್ತದೆ. ಲಾವಣಿ ಇಷ್ಟಕ್ಕೆ ನಿಲ್ಲುವುದಿಲ್ಲ. ದಂಡು ಏನೇನು ದೋಚಿತು ಎಂದು ಒಂದೊಂದಾಗಿ ಹೇಳುತ್ತದೆ. ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಜೀರಿಗೆ, ಬೆಲ್ಲ, ಚರಗಿ, ಬೀಸುಕಲ್ಲು. ನಡುವೆ ಮಂಗಳಸೂತ್ರವೂ ಬರುತ್ತದೆ.

ಜಿಲ್ಲಾ ವರದಿಗಾರನಾಗಿ ನಾನೂ ಬೆಂಕಿ ಬಿದ್ದ ಮನೆಗಳ ಸುದ್ದಿ ಬರೆದಿದ್ದೇನೆ. ನಾವು ಬರೆಯುವುದು ‘ಅಂದಾಜು ಇಷ್ಟು ಲಕ್ಷ ನಷ್ಟ’ ಎಂದು. ಆ ಸಾಲಿನಲ್ಲಿ ಅಡುಗೆಮನೆ ಕಾಣುವುದಿಲ್ಲ. ಲಾವಣಿಕಾರ ಅಡುಗೆಮನೆಗೇ ಹೋದ. ಬೀಸುಕಲ್ಲು ಹೋದರೆ ಮರುದಿನ ರೊಟ್ಟಿಗೆ ಹಿಟ್ಟಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸೋತವರ ನಷ್ಟ ಎಷ್ಟು ಎಂದು ಗೆದ್ದವರು ಬರೆದಿಡುವುದಿಲ್ಲ. ಅದನ್ನು ಹಾಡು ಬರೆದಿಟ್ಟಿತು.

ಲಾವಣಿಯ ಕೊನೆಗೆ ಬರುವ ಅಂಕಿತ ಕುರ್ತಕೋಟಿ ಕಲ್ಮೇಶನದು. ಕುರ್ತಕೋಟಿ ಇರುವುದು ಗದಗ ಸೀಮೆಯಲ್ಲಿ. ಅಂದರೆ ಹಲಗಲಿಯ ಸಂಕಟ ಹಲಗಲಿಯಲ್ಲೇ ಉಳಿಯಲಿಲ್ಲ. ಬೇರೆ ಸೀಮೆಯ ಕವಿ ಅದನ್ನು ತನ್ನೂರ ದೇವರ ಹೆಸರಲ್ಲಿ ಕಟ್ಟಿ ಹಾಡಿದ. ಡಪ್ಪು, ತುಂತುಣಿಯ ಜೊತೆ ಬಾಯಿಂದ ಬಾಯಿಗೆ ಸಾಗಿದ ಈ ಹಾಡು ಮುಂದೆ ಡಾ. ಬಿ.ಎಸ್. ಗದ್ದಗಿಮಠ ಅವರ ‘ಕನ್ನಡ ಜನಪದ ಗೀತೆಗಳು’ ಸಂಗ್ರಹ ಸೇರಿತು.

ನಿಮ್ಮೂರಲ್ಲೂ ಬರ, ನೆರೆ, ಜಗಳ, ಮುಳುಗಡೆಯ ಹಾಡು ಬಲ್ಲ ಹಿರಿಯರು ಇದ್ದಾರು. ಫೋನ್ ಕೈಯಲ್ಲೇ ಇದೆ. ಕುಳಿತು ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ಸಾಮಾನುಗಳ ಪಟ್ಟಿ ಬಂದಾಗ ‘ಇದು ಬಿಡಜ್ಜಿ, ಮುಂದ ಹಾಡು’ ಅನ್ನಬೇಡಿ. ಕಳೆದುಕೊಂಡವರ ಲೆಕ್ಕ ಇರುವುದು ಅಲ್ಲೇ.